ಕಪ್ಪು ಕಾರು, ಕೆಂಪು ಧೂಳು

ಕಪ್ಪು ಕಾರು ಹೊಸದಾಗಿ ಮನೆಗೆ ಬಂದಾಗ ಬಾನೆಟ್ಟಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೆ ಅದೇ ಬಾನೆಟ್ಟನ್ನು ಸಂಜೆ ಐದರ ಓರೆ ಬಿಸಿಲಿನಲ್ಲಿ ನೋಡಿ. ಸೂರ್ಯನ ಬಿಂಬದ ಸುತ್ತ ಜೇಡರ ಬಲೆ ನೇಯ್ದಂತೆ ಸಾವಿರಾರು ನವಿರು ಗೆರೆಗಳು ಮಿಂಚುತ್ತವೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಬಲೆಯೂ ಜೊತೆಯಲ್ಲೇ ಸರಿಯುತ್ತದೆ. ಮೋಡ ಕವಿದರೆ ಮಾಯವಾಗುತ್ತದೆ. ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ನಿಲ್ಲಿಸಿದರೆ ಮತ್ತೆ ಹಾಜರ್.

ಕಾರಿನ ಮೈ ಕೆಲಸ ಮಾಡುವವರು ಇದನ್ನು ಸ್ವರ್ಲ್ ಮಾರ್ಕ್ ಎನ್ನುತ್ತಾರೆ. ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿಯ ರಸ್ತೆಗಳಲ್ಲಿ ಈಗ ಕಪ್ಪು ಕಾರಿಗೆ ಬರವಿಲ್ಲ. ಅಡಿಕೆಗೋ ಶುಂಠಿಗೋ ಒಳ್ಳೆಯ ಧಾರಣೆ ಸಿಕ್ಕ ವರ್ಷ ಮನೆಯ ಹುಡುಗರು ಹಟ ಹಿಡಿದು ಕಪ್ಪನ್ನೇ ಆರಿಸುತ್ತಾರೆ. ವರ್ಷ ತಿರುಗುವಷ್ಟರಲ್ಲಿ "ಕಂಪನಿಯವರು ಪೇಂಟ್ ಸರಿಯಾಗಿ ಹೊಡೆದಿಲ್ಲ" ಎಂಬ ದೂರು ಶುರುವಾಗುತ್ತದೆ. ಇದರಲ್ಲಿ ಪೇಂಟಿನ ತಪ್ಪು ತೀರಾ ಕಡಿಮೆ. ಆ ಗೆರೆಗಳಲ್ಲಿ ಬಹುಪಾಲನ್ನು ಎಳೆದದ್ದು ನಾವೇ, ಪ್ರೀತಿಯಿಂದ, ದಿನಾ ಬೆಳಿಗ್ಗೆ, ಒಂದು ಬಟ್ಟೆ ಹಿಡಿದುಕೊಂಡು. ಇದನ್ನು ಮೊದಲು ಮನಸ್ಸಿಗೆ ತಂದುಕೊಳ್ಳದೆ ಯಂತ್ರ ಹಿಡಿದು ಪಾಲಿಶ್ ಮಾಡಿಸಲು ಹೊರಟರೆ ದುಡ್ಡೂ ಹೋಗುತ್ತದೆ, ಪೇಂಟೂ ಹೋಗುತ್ತದೆ.

ನಮ್ಮ ಮಣ್ಣಿನ ಗುಣದಿಂದಲೇ ಶುರು ಮಾಡೋಣ. ಸೊರಬದಿಂದ ಚಂದ್ರಗುತ್ತಿಯ ಕಡೆಗೆ ಹೋಗುವಾಗ ರಸ್ತೆಯ ಬದಿಯಲ್ಲಿ ಕಾಣುವುದು ಜಂಬಿಟ್ಟಿಗೆಯ ಕೆಂಪು ನೆಲ. ಆ ಕೆಂಪು ಕಬ್ಬಿಣದ ಆಕ್ಸೈಡಿನದು. ಅದರ ಜೊತೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬೆಣಚುಕಲ್ಲಿನ ಚೂರುಗಳೂ ಧೂಳಿನಲ್ಲಿ ಸೇರಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7. ಕಿಟಕಿಯ ಗಾಜು ಸುಮಾರು ಐದೂವರೆ. ಕಾರಿನ ಮೈಮೇಲಿನ ಹೊಳಪಿನ ಪದರವೋ ಒಂದು ಬಗೆಯ ಪ್ಲಾಸ್ಟಿಕ್, ಗಾಜಿಗಿಂತ ಎಷ್ಟೋ ಮೆತ್ತಗಿನದು. ಜನವರಿಯಿಂದ ಮೇ ತನಕ ಜೋಳದ ಟ್ರ್ಯಾಕ್ಟರು, ಜಲ್ಲಿ ಲಾರಿಗಳ ಹಿಂದೆ ಓಡಿಬಂದ ಕಾರಿನ ಮೇಲೆ ಈ ಧೂಳು ತೆಳುವಾಗಿ ಕೂತಿರುತ್ತದೆ. ಬೆಳಗಾಗೆದ್ದು ಹಳೆಯ ಬನಿಯನ್ನೋ, ಅಂಗಡಿಯಲ್ಲಿ ಸಿಗುವ ಹಳದಿ ಬಟ್ಟೆಯೋ ಹಿಡಿದು ಅದನ್ನು ನೀರು ಹಾಕದೆ ಒರೆಸಿದೆವೆಂದರೆ ಪ್ರತಿ ಬೆಣಚಿನ ಚೂರೂ ಬಟ್ಟೆಯ ಕೆಳಗೆ ಸಿಕ್ಕಿಕೊಂಡು ಒಂದೊಂದು ಗೆರೆ ಎಳೆದೇ ಮುಂದಕ್ಕೆ ಹೋಗುತ್ತದೆ. ಬಟ್ಟೆ ಎಷ್ಟೇ ಮೆತ್ತಗಿದ್ದರೂ ಗೀರುವುದು ಅದರಡಿಯ ಕಲ್ಲು.

ಬಕೆಟ್ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯ ಕತೆಯೂ ಬೇರೆಯಲ್ಲ. ಟೈರಿನ ಹತ್ತಿರದ ಕೆಸರು ಒರೆಸಿದ ಬಟ್ಟೆಯನ್ನೇ ಅದೇ ನೀರಿಗೆ ಅದ್ದಿ ಬಾನೆಟ್ಟಿಗೆ ತರುತ್ತೇವೆ. ಕುಮುದ್ವತಿ ಹೊಳೆಯ ದಂಡೆಗೋ ದಂಡಾವತಿಯ ಕಡವಿಗೋ ಗಾಡಿ ಇಳಿಸಿ ತೊಳೆಯುವ ರೂಢಿ ಇನ್ನೂ ಇದೆ. ಮರಳು ಬೆರೆತ ಆ ನೀರಿನಲ್ಲಿ ಕಾರು ತಿಕ್ಕುವುದೂ ಉಪ್ಪುಕಾಗದದಿಂದ ತಿಕ್ಕುವುದೂ ಹೆಚ್ಚುಕಡಿಮೆ ಒಂದೇ. ಎಣ್ಣೆ, ಸೋಪು ಹೊಳೆಗೆ ಸೇರುವುದು ಅದಕ್ಕಿಂತ ದೊಡ್ಡ ಹಾನಿ. ವಾಟರ್ ಸರ್ವಿಸ್ ಅಂಗಡಿಗಳಲ್ಲಿ ನೊರೆ ಹೊಡೆಯುವುದನ್ನು ನೋಡಿದರೆ ಸಮಾಧಾನವಾಗುತ್ತದೆ, ನಿಜ. ಆದರೆ ಹಿಂದಿನ ಜೀಪಿನ ಮಣ್ಣು ತಿಕ್ಕಿದ ಸ್ಪಂಜು ನೆಲಕ್ಕೆ ಬಿದ್ದು ಎದ್ದು ನಿಮ್ಮ ಕಾರಿನ ಮೇಲೂ ಆಡಿದರೆ ಆ ನೊರೆಯಿಂದ ಬಂದ ಲಾಭವೆಲ್ಲ ಅಲ್ಲಿಗೇ ತೀರಿತು.

ಗೆರೆಗಳು ಹುಟ್ಟುವುದು ಹೀಗೆ ಅಡ್ಡಾದಿಡ್ಡಿಯಾಗಿ. ಉದ್ದ, ಅಡ್ಡ, ಓರೆ, ಎಲ್ಲ ದಿಕ್ಕಿಗೂ ಇರುತ್ತವೆ. ಹಾಗಿದ್ದರೂ ಕಣ್ಣಿಗೆ ಮಾತ್ರ ಸುತ್ತು ಸುತ್ತಾಗಿ ಏಕೆ ಕಾಣುತ್ತವೆ? ಕೈಯನ್ನು ಸುತ್ತುಸುತ್ತಾಗಿ ಆಡಿಸಿ ಒರೆಸಿದ್ದಕ್ಕೆ ಎಂದು ಬಹಳ ಜನ ನಂಬಿದ್ದಾರೆ. ನೇರವಾಗಿ ಒರೆಸಿದರೂ ಫಲ ಅದೇ. ಒಂದು ಗೆರೆ ಎಂದರೆ ಸಣ್ಣದೊಂದು ಕಾಲುವೆ, ಅದರ ಎರಡು ದಡ ಇಳಿಜಾರು. ದೀಪದ ಬೆಳಕು ಆ ಇಳಿಜಾರಿಗೆ ಬಡಿದು ನಮ್ಮ ಕಣ್ಣಿಗೆ ತಿರುಗಬೇಕಾದರೆ ಗೆರೆ ದೀಪದ ಬಿಂಬಕ್ಕೆ ಅಡ್ಡವಾಗಿ ಮಲಗಿರಬೇಕು. ಬಿಂಬದ ಕಡೆಗೆ ನೇರವಾಗಿ ಚಾಚಿಕೊಂಡ ಗೆರೆಗಳು ಬೆಳಕನ್ನು ಬೇರೆಲ್ಲೋ ಎಸೆಯುತ್ತವೆ. ಹಾಗಾಗಿ ಬಿಂಬದ ಮೇಲುಗಡೆ ಅಡ್ಡಗೆರೆಗಳು, ಎಡಬಲದಲ್ಲಿ ಉದ್ದಗೆರೆಗಳು, ಮೂಲೆಗಳಲ್ಲಿ ಓರೆಗೆರೆಗಳು ಮಾತ್ರ ಹೊಳೆದು, ಎಲ್ಲ ಕೂಡಿ ವೃತ್ತವಾಗಿ ತೋರುತ್ತವೆ. ಮಳೆ ನಿಂತ ರಾತ್ರಿ ಬೀದಿದೀಪದ ಮುಂದಿನ ಮರವನ್ನು ನೋಡಿ, ಒದ್ದೆ ರೆಂಬೆಗಳು ದೀಪವನ್ನು ಸುತ್ತುವರಿದು ಗೂಡು ಕಟ್ಟಿದಂತೆ ಕಾಣುವುದೂ ಇದೇ ಕಾರಣಕ್ಕೆ. ಹಾಗೆಂದು ಬಿಂಬ ಇರದ ಜಾಗದಲ್ಲಿ ಗೆರೆ ಇಲ್ಲವೆಂದಲ್ಲ. ಇಡೀ ಕಾರಿನ ಮೈತುಂಬಾ ಇವೆ, ಬೆಳಕು ತೋರಿಸಿದಷ್ಟನ್ನು ನಾವು ಕಾಣುತ್ತೇವೆ.

ಬಿಳಿ ಕಾರಿಗೂ ಇಷ್ಟೇ ಗೆರೆ ಬಿದ್ದಿರುತ್ತದೆ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ಕಡೆಗೂ ಚೆಲ್ಲುತ್ತದೆ, ಆ ಚೆಲ್ಲಾಟದಲ್ಲಿ ಗೆರೆಯ ಸಣ್ಣ ಮಿಂಚು ಮುಚ್ಚಿಹೋಗುತ್ತದೆ. ಕಪ್ಪು ಬೆಳಕನ್ನು ನುಂಗುತ್ತದೆ. ಅಲ್ಲಿಂದ ನಮ್ಮ ಕಣ್ಣಿಗೆ ಬರುವುದು ಮೇಲ್ಪದರದಿಂದ ಕನ್ನಡಿಯಂತೆ ತಿರುಗಿದ ಬೆಳಕು ಮಾತ್ರ. ಆ ಪದರ ನುಣುಪಾಗಿದ್ದರೆ ಕಪ್ಪಿಗಿಂತ ಆಳವಾದ ಬಣ್ಣ ಇನ್ನೊಂದಿಲ್ಲ. ಅದು ಕೆಟ್ಟಿತೋ, ಒಂದೊಂದು ಗೆರೆಯೂ ಕತ್ತಲ ಹಿನ್ನೆಲೆಯಲ್ಲಿ ಬೆಳ್ಳಗೆ ಎದ್ದು ನಿಲ್ಲುತ್ತದೆ, ಕಪ್ಪು ಬೂದುಬಣ್ಣಕ್ಕೆ ತಿರುಗುತ್ತದೆ.

ಓರೆ ಬೆಳಕಿನ ಈ ಶಕ್ತಿಯನ್ನು ನಮ್ಮ ಸೀಮೆಯ ಶಾಸನಗಳನ್ನು ಓದುವವರು ಚೆನ್ನಾಗಿ ಬಲ್ಲರು. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದೆ ಕದಂಬರ ಕಾಲದ ಶಾಸನಸ್ತಂಭ ನಿಂತಿದೆ. ಕವಿ ಕುಬ್ಜ ಬರೆದ ಈ ಶಾಸನವನ್ನು 1894ರಲ್ಲಿ ಬಿ.ಎಲ್. ರೈಸ್ ಗುರುತಿಸಿದರು. ಸವೆದ ಅಕ್ಷರಗಳನ್ನು ಎದುರಿನಿಂದ ನೇರವಾಗಿ ಬೀಳುವ ಬೆಳಕಿನಲ್ಲಿ ಓದಲು ಕೂತರೆ ಕಲ್ಲೆಲ್ಲ ಸಪಾಟಾಗಿ ಕಾಣುತ್ತದೆ. ಬೆಳಕು ಪಕ್ಕದಿಂದ ಸವರಿಕೊಂಡು ಬಂದಾಗ ಕೊರೆದ ಗೆರೆಯ ಒಂದು ದಡ ಬೆಳಗಿ ಇನ್ನೊಂದು ನೆರಳಾಗಿ, ಅಕ್ಷರ ಎದ್ದು ಬರುತ್ತದೆ. ಕಾರು ಪಾಲಿಶ್ ಮಾಡುವವರ ಕೈಯಲ್ಲಿ ಯಂತ್ರಕ್ಕಿಂತ ಮೊದಲು ಇರಬೇಕಾದ್ದು ಇಂಥದೇ ಒಂದು ಬೆಳಕು. ಟ್ಯೂಬ್‌ಲೈಟಿನ ಹರಡಿದ ಬೆಳಕಲ್ಲಿ ಕೆಲಸ ಮುಗಿಸಿ "ನೋಡಿ ಅಣ್ಣಾ, ಹೆಂಗ್ ಹೊಳೀತೈತೆ" ಎಂದರೆ ಅದನ್ನು ಒಪ್ಪಬೇಡಿ. ಕಾರನ್ನು ಹೊರಗೆ ಬಿಸಿಲಿಗೆ ತಂದು ನೋಡಿ, ಇಲ್ಲವೇ ಮೊಬೈಲಿನ ಟಾರ್ಚನ್ನಾದರೂ ಹಚ್ಚಿ ನೋಡಿ.

ಗೆರೆ ಯಾವುದರ ಮೇಲೆ ಬಿದ್ದಿದೆ ಎಂಬುದು ಮುಂದಿನ ಪ್ರಶ್ನೆ. ಈಗಿನ ಕಾರಿನ ತಗಡಿನ ಮೇಲೆ ಒಂದರ ಮೇಲೊಂದು ನಾಲ್ಕು ಪದರಗಳಿರುತ್ತವೆ. ತಗಡಿಗೆ ತಾಗಿಕೊಂಡಿರುವುದು ತುಕ್ಕು ತಡೆಯುವ ಪದರ. ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿ ಅದನ್ನು ಕೂರಿಸುತ್ತಾರೆ. ಅದರ ಮೇಲೆ ಪ್ರೈಮರ್. ಆಮೇಲೆ ಬಣ್ಣ, ಅಂದರೆ ಬೇಸ್ ಕೋಟ್. ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್. ಇವೆಲ್ಲ ಸೇರಿದರೂ ದಪ್ಪ ಸಾಮಾನ್ಯವಾಗಿ 100ರಿಂದ 140 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ, ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹೊಳಪು ಕೊಡುವ, ಬಿಸಿಲಿನ ಅತಿನೇರಳೆ ಕಿರಣದಿಂದ ಬಣ್ಣವನ್ನು ಕಾಯುವ ಆ ಕ್ಲಿಯರ್ ಕೋಟಿನ ಪಾಲು 35ರಿಂದ 50 ಮೈಕ್ರಾನ್ ಮಾತ್ರ. ಕೂದಲೆಳೆಗಿಂತ ತೆಳು. ಸ್ವರ್ಲ್ ಮಾರ್ಕ್ ಬಿದ್ದಿರುವುದು ಈ ಪದರದ ಮೇಲ್ಮೈಯಲ್ಲಿ, ಕೆಲವೇ ಮೈಕ್ರಾನ್ ಆಳದಲ್ಲಿ.

ಮೊದಲೆಲ್ಲ ಹೀಗಿರಲಿಲ್ಲ. ಫೋರ್ಡ್ ಕಂಪನಿಯ ಮಾಡೆಲ್-ಟಿ 1914ರಿಂದ 1925ರವರೆಗೆ ಕಪ್ಪಿನಲ್ಲಿ ಮಾತ್ರ ಸಿಗುತ್ತಿತ್ತು. ಆ ಕಪ್ಪಿನ ಮೇಲೆ ಕ್ಲಿಯರ್ ಕೋಟ್ ಎಂಬುದಿರಲಿಲ್ಲ. ನಮ್ಮ ಹಳೆಯ ಅಂಬಾಸಿಡರಿಗೂ ಬಣ್ಣವೇ ಹೊಳಪು, ಹೊಳಪೇ ಬಣ್ಣ. ಗ್ಯಾರೇಜಿನವರು ರಬ್ಬಿಂಗ್ ಕಂಪೌಂಡ್ ಹಚ್ಚಿ ತಿಕ್ಕಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು, ಎಷ್ಟು ಸವೆಯಿತೆಂದು ಕಣ್ಣಿಗೇ ಕಾಣುತ್ತಿತ್ತು. ಇವತ್ತಿನ ಕ್ಲಿಯರ್ ಕೋಟ್ ಸವೆದರೆ ಬಟ್ಟೆಗೆ ಹತ್ತುವುದು ಬರೀ ಪಾಲಿಶ್. ಎಚ್ಚರಿಕೆ ಕೊಡುವ ಬಣ್ಣವಿಲ್ಲ. ಹಾಗಾಗಿಯೇ ಹಳೆಯ ಕೈಚಳಕವನ್ನು ಹೊಸ ಕಾರಿನ ಮೇಲೆ ತೋರಿಸುವುದು ಅಪಾಯ.

ಪಾಲಿಶ್ ಎಂದೊಡನೆ ಏನನ್ನೋ ಮೆತ್ತುತ್ತಾರೆ, ಗೆರೆ ತುಂಬಿಸುತ್ತಾರೆ ಎಂಬ ಕಲ್ಪನೆ ನಮ್ಮಲ್ಲಿ ಗಟ್ಟಿಯಾಗಿದೆ. ನಿಜವಾದ ಪಾಲಿಶಿನಲ್ಲಿ ಮೆತ್ತುವುದು ಏನೂ ಇಲ್ಲ, ತೆಗೆಯುವುದೇ ಎಲ್ಲ. ಗೆರೆಯ ತಳದ ಮಟ್ಟಕ್ಕೆ ಸುತ್ತಲಿನ ಪದರವನ್ನು ಇಳಿಸಿದರೆ ಗೆರೆ ಇಲ್ಲವಾಗುತ್ತದೆ, ಅಷ್ಟೆ. ಇಳಿಸಲು ಬಳಸುವ ಅಲ್ಯುಮಿನಿಯಂ ಆಕ್ಸೈಡಿನ ಪುಡಿಯೂ ಗೀರುತ್ತದೆ. ಆದರೆ ಬಹಳ ನವಿರಾಗಿ, ಒಂದೇ ಸಮನಾಗಿ. ಬೆಳಕಿನ ಅಲೆಯುದ್ದ 0.4ರಿಂದ 0.7 ಮೈಕ್ರಾನ್. ಉಳಿದ ಗೀರುಗಳು ಅದಕ್ಕಿಂತ ಸಾಕಷ್ಟು ಸಣ್ಣದಾದಾಗ ಬೆಳಕಿಗೆ ಅವು ಇದ್ದೂ ಇಲ್ಲದಂತೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಕಾರಿಗೂ ಕಲ್ಲಿಗೂ ನಿಯಮ ಒಂದೇ.

ಕಲ್ಲಿನ ಮಾತು ಸುಮ್ಮನೆ ಬಂದದ್ದಲ್ಲ. ಯಂತ್ರದಿಂದ ನುಣುಪು ತೆಗೆಯುವ ಕೆಲಸ ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಹೊಸದೇನಲ್ಲ. ಶಿರಾಳಕೊಪ್ಪದ ಪಕ್ಕದ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯದಲ್ಲಿ, ಆನವಟ್ಟಿ ಹತ್ತಿರದ ಕುಬಟೂರಿನ ಕೈಟಭೇಶ್ವರ ದೇವಾಲಯದಲ್ಲಿ ಮಂಟಪದ ಕಂಬಗಳನ್ನು ನೋಡಿ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು, ತಿರುಗುವ ಕಲ್ಲಿಗೆ ಉಳಿ ಒಡ್ಡಿ, ಗಂಟೆಯಾಕಾರದ ಉಬ್ಬು, ಬಳೆಯಾಕಾರದ ಏಣುಗಳನ್ನು ತೆಗೆದಿದ್ದಾರೆ. ಕುಬಟೂರಿನ ದೇವಾಲಯ ಸುಮಾರು ಕ್ರಿ.ಶ. 1100ರದು. ಬಳಪದ ಕಲ್ಲು ಮೆತ್ತಗೆ, ಹಾಗಾಗಿ ಒಳ್ಳೆಯ ಹೊಳಪು ಹಿಡಿಯುತ್ತದೆ. ಮೆತ್ತಗಿರುವುದರಿಂದಲೇ ಮರಳು ತಾಗಿದರೆ ಬೇಗ ಗೀರುತ್ತದೆ ಕೂಡ. ಕಾರಿನ ಕ್ಲಿಯರ್ ಕೋಟಿನ ಸ್ವಭಾವವೂ ಇದೇ. ಅಲ್ಲಿ ಕಂಬ ತಿರುಗಿತು, ಉಪಕರಣ ನಿಂತಿತ್ತು. ಇಲ್ಲಿ ಕಾರು ನಿಂತಿರುತ್ತದೆ, ಯಂತ್ರ ತಿರುಗುತ್ತದೆ. ಶತಮಾನಗಳು ಕಳೆದರೂ ನೆರಳಿನಲ್ಲಿರುವ ಒಳಗಂಬಗಳು ಇನ್ನೂ ನುಣುಪಾಗಿರುವುದನ್ನು ಸವರಿ ನೋಡಬೇಕೆನಿಸುತ್ತದೆ. ಸವರಬಾರದು, ಬೆವರು ಕಲ್ಲಿಗೆ ಒಳ್ಳೆಯದಲ್ಲ.

ಯಂತ್ರಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಪೇಂಟಿಂಗ್ ಗ್ಯಾರೇಜುಗಳಲ್ಲಿ ಮೊದಲಿಂದ ಇರುವುದು ರೋಟರಿ ಬಫಿಂಗ್ ಮೆಷಿನ್. ಇದು ಒಂದೇ ಅಚ್ಚಿನ ಮೇಲೆ ನಿಮಿಷಕ್ಕೆ ಸಾವಿರದಿಂದ ಮೂರು ಸಾವಿರ ಸುತ್ತು ಹಾಕುತ್ತದೆ. ಬೇಗ ಕತ್ತರಿಸುತ್ತದೆ, ಬೇಗ ಬಿಸಿಯೇರಿಸುತ್ತದೆ. ಕೈ ಪಳಗಿದವರಿಗೆ ಒಳ್ಳೆಯ ಸಾಧನ. ಪಳಗದ ಕೈಯಲ್ಲಿ ಉಣ್ಣೆಯ ಪ್ಯಾಡ್ ಹಾಕಿ ಓಡಿಸಿದರೆ ಹಳೆಯ ಗೆರೆ ಹೋದ ಜಾಗದಲ್ಲಿ ಹೊಸ ಹಾವಳಿ ಎದ್ದೇಳುತ್ತದೆ. ಯಂತ್ರ ಹೋದ ದಾರಿಯುದ್ದಕ್ಕೂ ಬೂದುಬಣ್ಣದ ಅಲೆಅಲೆಯಾದ ನೆರಳು, ಬಿಸಿಲಿನಲ್ಲಿ ನಡೆದಂತೆ ಜೊತೆಗೆ ನಡೆಯುವ ನೆರಳು. ಕೆಲಸದವರು ಅದನ್ನು ಹಾಲೋಗ್ರಾಮ್ ಎನ್ನುತ್ತಾರೆ. ಟಿಂಕರಿಂಗ್ ಮುಗಿಸಿ ಹೊಸ ಪೇಂಟ್ ಹೊಡೆಸಿಕೊಂಡು ಬಂದ ಎಷ್ಟೋ ಕಪ್ಪು ಕಾರುಗಳ ಬಾಗಿಲ ಮೇಲೆ ಇದನ್ನು ಕಾಣಬಹುದು.

ಎರಡನೆಯದು ಡ್ಯುಯಲ್ ಆ್ಯಕ್ಷನ್, ಬಾಯಿಮಾತಿನಲ್ಲಿ ಡಿ.ಎ. ಇದರ ಪ್ಯಾಡು ತಿರುಗುವುದರ ಜೊತೆಗೆ ಓಲಾಡುತ್ತದೆ. ಅಚ್ಚು ನಟ್ಟನಡುವೆ ಇಲ್ಲದೆ 8, 15 ಅಥವಾ 21 ಮಿಲಿಮೀಟರಿನ ಸುತ್ತಿನಲ್ಲಿ ಅಲೆಯುವುದರಿಂದ ಪ್ಯಾಡಿನ ಒಂದೇ ಬಿಂದು ಪೇಂಟಿನ ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜುವುದಿಲ್ಲ. ಬಿಸಿ ಕಡಿಮೆ, ಹಾಲೋಗ್ರಾಮ್ ಬೀಳುವ ಭಯ ಕಡಿಮೆ. ಕೆಲಸ ನಿಧಾನ. ಮನೆಯಲ್ಲೇ ಮಾಡಿಕೊಳ್ಳುವ ಆಸೆ ಇರುವವರು ಡಿ.ಎ. ಬಿಟ್ಟು ಬೇರೆ ಯಂತ್ರದ ತಂಟೆಗೆ ಹೋಗಬೇಡಿ ಎಂದೇ ನಾನು ಹೇಳುವುದು.

ಒಂದು ಬಾನೆಟ್ಟಿನ ಕೆಲಸವನ್ನು ಹತ್ತಿರ ನಿಂತು ನೋಡೋಣ. ನೆರಳಿನ ಶೆಡ್ಡು, ತಣ್ಣಗಿನ ತಗಡು. ಬಿಸಿ ತಗಡಿನ ಮೇಲೆ ಪಾಲಿಶ್ ಕೆಲಸ ಮಾಡುವ ಮೊದಲೇ ಒಣಗಿಬಿಡುತ್ತದೆ. ತೊಳೆದು ಒಣಗಿಸಿದ ಬಾನೆಟ್ಟಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಸವರಿದರೆ ಬೆರಳಿಗೆ ತರಿತರಿ ಹತ್ತುತ್ತದೆ. ಬ್ರೇಕಿನಿಂದ ಹಾರಿದ ಕಬ್ಬಿಣದ ಕಣ, ಡಾಂಬರಿನ ಚುಕ್ಕಿ, ಮರದ ಅಂಟು, ಹೀಗೆ ತೊಳೆದರೂ ಹೋಗದ ಕೊಳೆ ಅದು. ಕಬ್ಬಿಣ ಕರಗಿಸುವ ದ್ರವ ಸಿಂಪಡಿಸಿದಾಗ ಕಣ ಇದ್ದಲ್ಲೆಲ್ಲ ನೇರಳೆ ಬಣ್ಣ ಒಸರಿ ಇಳಿಯುತ್ತದೆ. ಆಮೇಲೆ ಸೋಪುನೀರು ಚಿಮುಕಿಸಿ ಕ್ಲೇ ಬಾರ್ ಎಂಬ ಮೆತ್ತನೆಯ ಜೇಡಿಯನ್ನು ಆಡಿಸುತ್ತಾರೆ. ಉಳಿದ ಕೊಳೆಯೆಲ್ಲ ಜೇಡಿಗೆ ಅಂಟಿ ಬರುತ್ತದೆ. ಈ ಹೆಜ್ಜೆ ಬಿಟ್ಟು ಯಂತ್ರ ಹಿಡಿದರೆ ಆ ಕಣಗಳೇ ಪ್ಯಾಡಿಗೆ ಸಿಕ್ಕಿ ಹೊಸ ಗೆರೆ ಎಳೆಯುತ್ತವೆ.

ಮುಂದೆ ದಪ್ಪ ಅಳೆಯುವ ಮೀಟರ್. ಅಂಗೈಯಲ್ಲಿ ಹಿಡಿಸುವ ಈ ಸಾಧನವನ್ನು ತಗಡಿಗೆ ಒತ್ತಿದರೆ ಒಟ್ಟು ಪೇಂಟಿನ ದಪ್ಪ ಮೈಕ್ರಾನಿನಲ್ಲಿ ತೋರಿಸುತ್ತದೆ. ಬಾನೆಟ್ಟಿನ ನಡುವೆ 118, ಬಲಗಡೆ 115, ಎಡ ಮೂಲೆಯಲ್ಲಿ 290 ಎಂದು ಬಂತೆನ್ನಿ, ಆ ಮೂಲೆಗೆ ಹಿಂದೆ ಯಾವಾಗಲೋ ಮತ್ತೆ ಪೇಂಟ್ ಆಗಿದೆ ಎಂದು ಅರ್ಥ. 80ರ ಕೆಳಗೆ ಬಂದರೆ ಯಂತ್ರವನ್ನು ಬದಿಗಿಟ್ಟು ಯೋಚಿಸಬೇಕು, ಯಾರೋ ಈಗಾಗಲೇ ಚೆನ್ನಾಗಿ ತಿಕ್ಕಿದ್ದಾರೆ. ಬಂಪರ್ ಪ್ಲಾಸ್ಟಿಕ್ಕಿನದಾದ್ದರಿಂದ ಸಾಮಾನ್ಯ ಮೀಟರ್ ಅಲ್ಲಿ ಏನನ್ನೂ ಹೇಳದು. ಬಿಸಿ ಬಿಟ್ಟುಕೊಡದ ಪ್ಲಾಸ್ಟಿಕ್ ಬೇಗ ಕಾಯುವುದರಿಂದ ಬಂಪರಿಗೆ ಹಗುರ ಕೈಯೇ ಗತಿ. ಅಂಚು, ಏಣುಗಳ ಮೇಲೆ ಪೇಂಟ್ ತೆಳುವಾಗಿ ಕೂತಿರುತ್ತದೆ. ಅಲ್ಲೆಲ್ಲ ಟೇಪ್ ಅಂಟಿಸುತ್ತಾರೆ.

ಇನ್ನು ಯಂತ್ರ. ಆದರೆ ಇಡೀ ಬಾನೆಟ್ಟಿಗೆ ಅಲ್ಲ. ಎರಡಡಿ ಚೌಕವನ್ನು ಟೇಪಿನಿಂದ ಗುರುತಿಸಿ ಅಲ್ಲಿ ಪರೀಕ್ಷೆ. ಎಲ್ಲಕ್ಕಿಂತ ಮೆತ್ತನೆಯ ಫೋಮ್ ಪ್ಯಾಡ್, ಎಲ್ಲಕ್ಕಿಂತ ನವಿರು ಪಾಲಿಶ್ ಮೊದಲು. ಅದರಲ್ಲೇ ಗೆರೆ ಹೋದರೆ ಅಲ್ಲಿಗೆ ನಿಲ್ಲಬೇಕು. ಹೋಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲಿನ ಕಂಪೌಂಡ್, ಮೈಕ್ರೋಫೈಬರ್ ಪ್ಯಾಡ್. ಪ್ಯಾಡಿನ ಮೇಲೆ ಬಟಾಣಿ ಗಾತ್ರದ ನಾಲ್ಕು ಹನಿ. ಯಂತ್ರ ಚಾಲೂ ಮಾಡುವ ಮೊದಲು ಪ್ಯಾಡನ್ನು ತಗಡಿಗೆ ಒತ್ತಿಟ್ಟುಕೊಳ್ಳದಿದ್ದರೆ ಗೋಡೆಗೆಲ್ಲ ಪಾಲಿಶ್ ಸಿಡಿಯುತ್ತದೆ. ಕಡಿಮೆ ವೇಗದಲ್ಲಿ ಹರಡಿ, ವೇಗ ನಾಲ್ಕಕ್ಕೋ ಐದಕ್ಕೋ ಏರಿಸಿ, ಮೊದಲು ಅಡ್ಡ, ಆಮೇಲೆ ಉದ್ದ, ಒಂದು ಸಾಲಿನ ಅರ್ಧದ ಮೇಲೆ ಇನ್ನೊಂದು ಸಾಲು ಬರುವಂತೆ ಆಡಿಸಬೇಕು. ಕೈಯ ನಡೆ ಸೆಕೆಂಡಿಗೆ ಒಂದೆರಡು ಇಂಚು. ಹೊಸಬರು ಅವಸರ ಮಾಡುವುದೇ ಇಲ್ಲಿ. ಪ್ಯಾಡಿನ ಹಿಂಬದಿಯ ತಟ್ಟೆಗೆ ಮಾರ್ಕರಿನಿಂದ ಒಂದು ಗೆರೆ ಎಳೆದುಕೊಂಡಿರುತ್ತಾರೆ. ಆ ಗೆರೆ ಸುತ್ತುತ್ತಿದ್ದರೆ ಪ್ಯಾಡ್ ತಿರುಗುತ್ತಿದೆ. ನಿಂತೇ ನಡುಗುತ್ತಿದ್ದರೆ ಕೈಯ ಭಾರ ಹೆಚ್ಚಾಗಿದೆ, ಇಲ್ಲವೇ ಯಂತ್ರ ಓರೆಯಾಗಿದೆ, ಕೆಲಸ ಆಗುತ್ತಿಲ್ಲ. ನಾಲ್ಕೈದು ಸಲ ಆಡಿಸುವಷ್ಟರಲ್ಲಿ ಬೆಳ್ಳನೆಯ ಪಾಲಿಶ್ ತೆಳುವಾಗಿ ಎಣ್ಣೆ ಸವರಿದಂತಾಗುತ್ತದೆ. ನಿಲ್ಲಿಸಿ, ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿ, ಅಂಗೈಯ ಹಿಂಬದಿಯಿಂದ ಬಿಸಿ ನೋಡಿ, ಓರೆಯಲ್ಲಿ ದೀಪ ಹಿಡಿಯುತ್ತಾರೆ. ಟೇಪಿನ ಹೊರಗೆ ಬಲೆ ಹಾಗೇ ಇದೆ. ಟೇಪಿನ ಒಳಗೆ ದೀಪದ ಒಂದೊಂದು ಬಲ್ಬೂ ಅಂಚು ಕದಡದೆ ಕಪ್ಪಿನೊಳಗೆ ಇಳಿದು ಕೂತಿದೆ. ಆ ಟೇಪ್ ಕಿತ್ತಾಗ ಕಾಣುವ ಗಡಿರೇಖೆಯನ್ನು ಒಮ್ಮೆ ನೋಡಿದವರು ತಮ್ಮ ಕಾರಿನ ನಿಜವಾದ ಬಣ್ಣವನ್ನು ಬಹಳ ದಿನದಿಂದ ನೋಡಿರಲಿಲ್ಲ ಎಂದು ಒಪ್ಪುತ್ತಾರೆ.

ಅಲ್ಲಿಗೆ ಮುಗಿಯಲಿಲ್ಲ. ಪಾಲಿಶಿನಲ್ಲಿ ಎಣ್ಣೆಯ ಅಂಶ ಇರುತ್ತದೆ, ಅದು ಗೆರೆಯೊಳಗೆ ತುಂಬಿಕೊಂಡು ಮಾಯ ಮಾಡಬಹುದು. ನೀರು ಬೆರೆಸಿದ ಐಸೋಪ್ರೊಪೈಲ್ ಆಲ್ಕೋಹಾಲನ್ನು ಸಿಂಪಡಿಸಿ ಒರೆಸಿದ ಮೇಲೂ ಗೆರೆ ಕಾಣದಿದ್ದರೆ ಅದು ಗೆದ್ದ ಕೆಲಸ. ಕೆಲವು ಕಡೆ ಅಗ್ಗಕ್ಕೆ ಮಾಡುವ ಅರ್ಧ ಗಂಟೆಯ ಪಾಲಿಶ್ ಎಂದರೆ ಬರೀ ಈ ತುಂಬುವ ಗ್ಲೇಜ್. ಮನೆಗೆ ಬರುವಾಗ ಕಾರು ಕನ್ನಡಿ, ನಾಲ್ಕು ಮಳೆ ಕಳೆದರೆ ಹಳೆಯ ಬಲೆ. ಒಂದು ಕಾರಿನ ಇಡೀ ಮೈಯನ್ನು ಸರಿಯಾಗಿ ಮಾಡಲು ಒಬ್ಬರಿಗೆ ಒಂದು ದಿನ ಬೇಕು, ಹಾಳಾಗಿದ್ದರೆ ಎರಡು ದಿನ. ಎರಡು ಗಂಟೆಯಲ್ಲಿ ಮುಗಿಸಿಕೊಡುತ್ತೇವೆ ಎನ್ನುವವರ ಹತ್ತಿರ ಆಲ್ಕೋಹಾಲ್ ಒರೆಸಿ ತೋರಿಸಿ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕೆಲಸ ನೋಡುತ್ತ ನಿಂತ ಮಾಲೀಕರು ಕೇಳುವ ಪ್ರಶ್ನೆ ಎಲ್ಲ ಕಡೆಯೂ ಒಂದೇ. "ತಮ್ಮಾ, ಬಾಗಿಲ ಮೇಲಿನ ಈ ಒಂದು ಗೆರೆ ಹೋಗಲ್ವಾ?" ಒಳ್ಳೆಯ ಕೆಲಸಗಾರ ಉಗುರನ್ನು ಗೆರೆಗೆ ಅಡ್ಡವಾಗಿ ಎಳೆದು ನೋಡುತ್ತಾನೆ. ಉಗುರು ಸಿಕ್ಕಿಕೊಂಡರೆ ಅವನ ಉತ್ತರ: "ಹೋಗುತ್ತೆ ಅಣ್ಣಾ, ಕ್ಲಿಯರ್ರೂ ಅದರ ಜೊತೇಲೇ ಹೋಗುತ್ತೆ." ಬೇಲಿಯ ಮುಳ್ಳೋ ಸೈಕಲ್ಲಿನ ಹ್ಯಾಂಡಲ್ಲೋ ಎಳೆದ ಅಂಥ ಗೆರೆಯ ಅಂಚನ್ನು ಸ್ವಲ್ಪ ಮೆತ್ತಗೆ ಮಾಡಿ, ಬೇಕಿದ್ದರೆ ಟಚ್-ಅಪ್ ಪೇಂಟ್ ತುಂಬಿ ಬಿಟ್ಟುಬಿಡುವುದು ಜಾಣತನ. ಲೆಕ್ಕ ಸರಳ. ನವಿರು ಪಾಲಿಶ್ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್ ತೆಗೆಯುತ್ತದೆ, ಕಂಪೌಂಡ್ ಹಾಕಿ ಎರಡು ಹಂತದಲ್ಲಿ ಮಾಡಿದರೆ ಅದಕ್ಕಿಂತ ಹೆಚ್ಚು. ಇರುವುದು 35ರಿಂದ 50. ಅದರಲ್ಲಿ ಬಿಸಿಲು ತಡೆಯಲು ಬಹುಪಾಲು ಉಳಿಯಲೇಬೇಕು. ಪ್ರತಿ ದಸರೆಗೂ ದೀಪಾವಳಿಗೂ ಬಫಿಂಗ್ ಮಾಡಿಸಿದರೆ ಕೆಲವೇ ವರ್ಷಗಳಲ್ಲಿ ರೂಫಿನ ಮೇಲೆ, ಬಾನೆಟ್ಟಿನ ಮೇಲೆ ಕ್ಲಿಯರ್ ಕೋಟ್ ಬೆಳ್ಳಗೆ ಹೊಟ್ಟು ಏಳಲು ಶುರುವಾಗುತ್ತದೆ. ಅದಕ್ಕೆ ಪಾಲಿಶ್ ಮದ್ದಲ್ಲ. ಕೆಟ್ಟ ಪದರವನ್ನು ಕೆರೆದು ತೆಗೆದು ಮತ್ತೆ ಪೇಂಟ್ ಹೊಡೆಯುವುದೇ ದಾರಿ, ಕಂಪನಿಯ ಪೇಂಟಿನ ಬಾಳಿಕೆ ಅದಕ್ಕೆ ಬರುವುದು ಕಷ್ಟ. ಕಾರು ಮನೆಯಲ್ಲಿರುವಷ್ಟು ವರ್ಷಗಳಲ್ಲಿ ಗಂಭೀರವಾದ ಪಾಲಿಶ್ ಒಂದೋ ಎರಡೋ ಸಲ, ಅಷ್ಟೇ ಸಾಕು.

ಪಾಲಿಶ್ ಆದ ಮೇಲೆ ಮೈಗೆ ಒಂದು ರಕ್ಷೆ ಬೇಕು. ಕಾರ್ನೌಬಾ ಎಂಬ ಬ್ರೆಜಿಲ್ ತಾಳೆಯ ಎಲೆಯ ಮೇಣವಾದರೆ ಕೆಲವು ವಾರ, ಸೀಲಂಟ್ ಆದರೆ ಕೆಲವು ತಿಂಗಳು, ಸಿಲಿಕಾ ಆಧಾರಿತ ಸೆರಾಮಿಕ್ ಕೋಟಿಂಗ್ ಆದರೆ ಒಂದೆರಡು ವರ್ಷ ಅಥವಾ ಹೆಚ್ಚು ಬರುತ್ತದೆ. ಸೆರಾಮಿಕ್ ಹಾಕಿಸಿದರೆ ಗೆರೆಯೇ ಬೀಳದು ಎಂಬ ಮಾತನ್ನು ನಂಬಬೇಡಿ. ಒಂದೆರಡು ಮೈಕ್ರಾನ್ ದಪ್ಪದ ಪದರ ಅದು. ಬೆಣಚುಕಲ್ಲಿನ ಮುಂದೆ ಅದರ ಆಟ ನಡೆಯದು. ಅದರ ನಿಜವಾದ ಗುಣ ಬೇರೆ: ಕೊಳೆ ಗಟ್ಟಿಯಾಗಿ ಹಿಡಿಯುವುದಿಲ್ಲ, ನೀರು ಸುರಿದರೆ ಅರ್ಧ ಧೂಳು ತಾನಾಗಿ ಇಳಿದುಹೋಗುತ್ತದೆ, ತಿಕ್ಕುವ ಕೆಲಸ ಕಡಿಮೆಯಾಗುತ್ತದೆ. ಮಲೆನಾಡಿಗೆ ಇದರ ಇನ್ನೊಂದು ಉಪಯೋಗವೂ ಇದೆ. ಗುಡವಿ ಪಕ್ಷಿಧಾಮಕ್ಕೆ ಹೋಗಿ ಮರದ ಕೆಳಗೆ ಕಾರು ನಿಲ್ಲಿಸಿದವರಿಗೆ ಗೊತ್ತು, ಹಕ್ಕಿಯ ಹಿಕ್ಕೆ ಬಿಸಿಲಿಗೆ ಒಣಗಿದರೆ ಕ್ಲಿಯರ್ ಕೋಟನ್ನೇ ಕೊರೆದು ಗುರುತು ಬಿಡುತ್ತದೆ. ಅಡಿಕೆ ಬೇಯಿಸುವ ಅಂಗಳದಲ್ಲಿ ಸಿಡಿದ ಚೊಗರು, ಬೋರ್‌ವೆಲ್ ನೀರು ಒಣಗಿ ಉಳಿಸುವ ಸುಣ್ಣದ ಚುಕ್ಕಿ ಇವೆಲ್ಲವೂ ಹಾಗೇ. ರಕ್ಷೆಯ ಪದರ ಇದ್ದರೆ ತೊಳೆಯಲು ನಿಮಗೆ ಒಂದಿಷ್ಟು ಹೊತ್ತು ಸಿಗುತ್ತದೆ.

ತೊಳೆಯುವ ಕ್ರಮ ಬದಲಾಗದಿದ್ದರೆ ಮೇಲೆ ಹೇಳಿದ್ದೆಲ್ಲ ಆರು ತಿಂಗಳ ಮಾತು. ಕ್ರಮ ಕಷ್ಟದ್ದೇನಲ್ಲ. ಮೊದಲು ಮುಟ್ಟದೆ ಬರೀ ನೀರು, ಮೇಲಿನಿಂದ ಕೆಳಕ್ಕೆ, ಧೂಳು ಇಳಿದುಹೋಗುವ ತನಕ. ಆಮೇಲೆ ಎರಡು ಬಕೆಟ್: ಒಂದರಲ್ಲಿ ಕಾರಿನ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಬಟ್ಟೆ ಒಗೆಯುವ ಪುಡಿ ಬೇಡ, ಹಚ್ಚಿದ ಮೇಣವನ್ನೆಲ್ಲ ಅದು ಕಿತ್ತುಹಾಕುತ್ತದೆ. ಮೈಕ್ರೋಫೈಬರ್ ಕೈಗವಸನ್ನು ಶಾಂಪೂಗೆ ಅದ್ದಿ ಒಂದು ಭಾಗ ತೊಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಮತ್ತೆ ಶಾಂಪೂಗೆ. ರೂಫು, ಗಾಜು, ಬಾನೆಟ್ಟು, ಬಾಗಿಲಿನ ಮೇಲರ್ಧ, ಕೊನೆಗೆ ಕೆಳಗಿನ ಅಂಚು. ಚಕ್ರಕ್ಕೆ ಬೇರೆಯೇ ಬಟ್ಟೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಕಾರಿಗೆ ಮುಟ್ಟಿಸಬಾರದು. ಒರೆಸುವಾಗ ದೊಡ್ಡ ಟವೆಲ್ ಹಾಸಿ ನೀರು ಹೀರಿಸಿಕೊಂಡರೆ ಸಾಕು, ಉಜ್ಜುವುದು ಬೇಡ. ನಡುವೆ ಕಾರು ಧೂಳಾದರೆ ಧೂಳಾಗಿಯೇ ಇರಲಿ. ದಿನಾ ಒರೆಸಿ ಹೊಳೆಯಿಸಿದ ಕಾರಿಗಿಂತ ವಾರಕ್ಕೊಮ್ಮೆ ಸರಿಯಾಗಿ ತೊಳೆದ ಕಾರು ಹೆಚ್ಚು ಕಾಲ ಕಪ್ಪಾಗಿ ಉಳಿಯುತ್ತದೆ. ಮನೆಯ ಮುಂದಿನ ಕಾರಿನ ಮೇಲೆ ಧೂಳು ಕಂಡರೆ ನಮ್ಮ ಹಿರಿಯರಿಗೆ ಸಂಕಟವಾಗುತ್ತದೆ, ಅವರನ್ನು ಒಪ್ಪಿಸುವುದೇ ಇಡೀ ಕೆಲಸದಲ್ಲಿ ಕಷ್ಟದ ಭಾಗ.

ಆಯುಧಪೂಜೆಯದೇ ಒಂದು ಮಾತು ಬಾಕಿ ಇದೆ. ಶಿಕಾರಿಪುರದ ಹುಚ್ಚುರಾಯಸ್ವಾಮಿಗೋ ಚಂದ್ರಗುತ್ತಿಯ ರೇಣುಕಾಂಬೆಗೋ ಕೈಮುಗಿದು ತಂದ ಗಾಡಿಗೆ ವರ್ಷಕ್ಕೊಮ್ಮೆ ಪೂಜೆ ಆಗಲೇಬೇಕು. ಬಾನೆಟ್ಟಿನ ಉದ್ದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದು, ಅರಿಸಿನ ಕುಂಕುಮ ಇಟ್ಟು, ತಂತಿ ಪೋಣಿಸಿದ ಚೆಂಡುಹೂವಿನ ಹಾರ ಕಟ್ಟುತ್ತೇವೆ. ಮರುದಿನ ಅದನ್ನೆಲ್ಲ ಒಣಬಟ್ಟೆಯಲ್ಲಿ ತಿಕ್ಕಿ ತೆಗೆಯುತ್ತೇವೆ. ಹಿತ್ತಾಳೆ ಪಾತ್ರೆ ಬೆಳಗಲು ನಮ್ಮ ಅಜ್ಜಿಯರು ಬಳಸುತ್ತಿದ್ದುದೂ ಬೂದಿಯನ್ನೇ ಎಂಬುದು ನೆನಪಿರಲಿ. ವಿಭೂತಿಯನ್ನು ಮುಂದಿನ ಗಾಜಿನ ಮೇಲೆ ಹಚ್ಚಿ. ಗಾಜು ಪೇಂಟಿಗಿಂತ ಗಡಸು, ತೊಳೆದರೆ ಗುರುತು ಉಳಿಯದು. ಕುಂಕುಮವನ್ನು ನಂಬರ್ ಪ್ಲೇಟಿನ ಅಂಚಿಗೆ ಇಡಿ. ಹಾರಕ್ಕೆ ತಂತಿಯ ಬದಲು ಬಾಳೆನಾರು ಸಾಕು. ನಿಂಬೆಹಣ್ಣಿನ ರಸ ಬಾನೆಟ್ಟಿಗೆ ಸಿಡಿದಿದ್ದರೆ ಅವತ್ತೇ ನೀರು ಹಾಕಿ. ಮರುದಿನ ಬೆಳಿಗ್ಗೆ ಬಟ್ಟೆ ಎತ್ತಿಕೊಳ್ಳುವ ಮೊದಲು ನಾಲ್ಕು ಬಕೆಟ್ ನೀರು ಸುರಿದು, ಅಂಟಿದ ಹೂವಿನ ಎಸಳು ನೆನೆದು ತಾನಾಗಿ ಜಾರುವ ತನಕ ಕಾಯಿರಿ.